ನೋಡದವರಿಗೆ ಹೇಳಬಾರದ ಸಿನಿಮಾ

ಮಗಳ ತಲೆಗೆ ನೀರು ಹೊಯ್ಯುತ್ತಿದ್ದೆ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಅವಳು ಹೇಳಿದಳು: "ಅಮ್ಮಾ, ಇವತ್ತು ಮುಖ ಇಲ್ಲದ ಮಾಮ ಬಾಗಿಲು ತಟ್ಟಿದ."

ಎತ್ತಿದ ಚೊಂಬು ಅಲ್ಲೇ ನಿಂತಿತು. "ಎಲ್ಲಿ?"

"ಟಾರ್ಚಜ್ಜಿ ಮನೇಲಿ. ಅಜ್ಜಿ ಕತ್ತಲೆ ಮಾಡಿದ್ರು, ಸಿನಿಮಾ ಶುರುವಾಯ್ತು, ಆಮೇಲೆ ಮಾಮ ಬಂದ."

"ಬಂದು ಏನ್ಮಾಡಿದ?"

ಅವಳು ತುಟಿ ಒಳಗೆಳೆದುಕೊಂಡಳು. "ಹೇಳಬಾರದು. ನೋಡದೇ ಇರೋರಿಗೆ ಹೇಳಬಾರದು ಅಂದಿದ್ದಾರೆ ಅಜ್ಜಿ."

"ಅಮ್ಮನಿಗೂ?"

"ನೀನು ನೋಡಿದ್ದೀಯಾ?"

"ಇಲ್ಲ."

"ಮತ್ತೆ!"

ಅಮ್ಮನಿಗೆ ಹೇಳಬೇಡ ಎನ್ನುವ ದೊಡ್ಡವರು ಸಿಕ್ಕರೆ ಮೊದಲು ಅಮ್ಮನಿಗೇ ಹೇಳಬೇಕು ಎಂದು ಶಾಲೆಯಲ್ಲಿ ಕಲಿಸಿದ್ದರು. ನಾನೂ ಮನೆಯಲ್ಲಿ ಗೊಂಬೆಗಳನ್ನಿಟ್ಟುಕೊಂಡು ಅದನ್ನೇ ಉರು ಹೊಡೆಸಿದ್ದೆ. ಐದು ವರ್ಷದ ಮಗು ಅಷ್ಟನ್ನೂ ಗಾಳಿಗೆ ತೂರಿ ಬಾಯಿಗೆ ಬೀಗ ಹಾಕಿಕೊಂಡು ಕೂತಿತ್ತು.

ಟಾರ್ಚಜ್ಜಿ ನಮ್ಮ ಹಿಂದಿನ ಬೀದಿಯ ಕೊನೆಯಲ್ಲಿ ಒಬ್ಬರೇ ಇದ್ದರು. ಶಾಲೆ ಮುಗಿದ ಮೇಲೆ ಮೂರು ಮಕ್ಕಳನ್ನು ಸಂಜೆಯವರೆಗೆ ನೋಡಿಕೊಳ್ಳುತ್ತಿದ್ದರು. ಮನೆ ಬೀಗದ ಕೈ ಮಾಡುವವನ ಅಂಗಡಿಯ ಮೇಲಿತ್ತು. ಅದೇ ನನಗೆ ಮೊದಲ ಅನುಮಾನ: ಎಲ್ಲ ಬೀಗ ತೆಗೆಯಬಲ್ಲ ಒಬ್ಬ ಮನುಷ್ಯ ಇಡೀ ದಿನ ಕೆಳಗೇ ಇರುತ್ತಾನೆ. ಎರಡನೆಯದು, ಆಕೆಯನ್ನು ತೋರಿಸಿಕೊಟ್ಟವಳು ನನ್ನ ಓರಗಿತ್ತಿ. ಓರಗಿತ್ತಿ ಚೆನ್ನಾಗಿದೆ ಎಂದ ಪಾತ್ರೆಯನ್ನೂ ನಾನು ಇನ್ನೊಮ್ಮೆ ತೊಳೆದೇ ಬಳಸುವುದು. ಮೂರನೆಯದನ್ನು ಮೊದಲ ದಿನವೇ ಕಂಡಿದ್ದೆ. ನಡುಮನೆಯಲ್ಲಿ ಚಿತ್ರಮಂದಿರದ ನಾಲ್ಕು ಮಡಚುವ ಕುರ್ಚಿಗಳನ್ನು ಹಲಗೆಗೆ ಬಿಗಿದಿದ್ದರು. ಅವು ಕಿಟಕಿಯ ಕಡೆಗೂ ಇರಲಿಲ್ಲ, ಬಾಗಿಲ ಕಡೆಗೂ ಇರಲಿಲ್ಲ. ಬರೀ ಬಿಳಿ ಗೋಡೆಗೆ ಮುಖ ಮಾಡಿದ್ದವು.

ಆದರೂ ಒಪ್ಪಿದ್ದೆ. ಎರಡು ವರ್ಷ ಮನೆಯಲ್ಲಿದ್ದು ವಿಮಾ ಕಚೇರಿಯ ಕೆಲಸಕ್ಕೆ ಆಗಷ್ಟೇ ಮರಳಿದ್ದೆ. ಟಾರ್ಚಜ್ಜಿ ಇಲ್ಲವೆಂದರೆ ಕೆಲಸವೂ ಇಲ್ಲ. ಅಲ್ಲದೆ ಆಕೆ ಹೆಮ್ಮೆಯಿಂದ ಹೇಳಿದ್ದರು, "ನಮ್ಮನೇಲಿ ಟೀವಿ ಇಲ್ಲಮ್ಮ. ನನ್ನ ಫೋನಲ್ಲೂ ಮಾತು ಬಿಟ್ಟು ಬೇರೇನೂ ಬರಲ್ಲ."

ಟೀವಿ ಇಲ್ಲದ ಮನೆಯಲ್ಲಿ ಸಿನಿಮಾ ಎಲ್ಲಿಂದ ಬಂತು?

ಅಂದು ಊಟವಾದ ಮೇಲೆ ಫೋನಿನಲ್ಲಿ ಹುಡುಕಿದೆ. ಉಪ್ಪಿನ ಚಂದ್ರ, ಮುಖವಿಲ್ಲದ ಮನುಷ್ಯ, ಬಟ್ಟೆ ಒಗೆಯುವ ಮುದುಕಿ ಎಂದು ಮಗಳು ಬಾಯಿ ತಪ್ಪಿ ಉದುರಿಸಿದ ತುಣುಕುಗಳನ್ನೆಲ್ಲ ಹಾಕಿ ನೋಡಿದೆ. ಅಂಥ ಸಿನಿಮಾ ಜಗತ್ತಿನಲ್ಲೇ ಇರಲಿಲ್ಲ.

"ನಿನಗೆ ಹಗ್ಗ ಕಂಡ್ರೂ ಹಾವು," ಎಂದ ನನ್ನ ಗಂಡ. "ಮಕ್ಕಳು ಏನೋ ಕಲ್ಪನೆ ಮಾಡ್ಕೊಂಡಿರ್ತವೆ."

"ಕಲ್ಪನೆಗೆ ಇಂಟರ್‌ವಲ್ ಇರುತ್ತಾ? ಇಂಟರ್‌ವಲ್‌ನಲ್ಲಿ ಬಿಸ್ಕತ್ತು ಕೊಡ್ತಾರಂತೆ."

"ಯಾವ ಬಿಸ್ಕತ್ತು?"

ಇಂಥ ಗಂಡನ ಜೊತೆ ಏನು ಮಾತಾಡುವುದು.

ಮರುದಿನ ತಲೆನೋವೆಂದು ಹೇಳಿ ಮಧ್ಯಾಹ್ನವೇ ಕಚೇರಿಯಿಂದ ಹೊರಟೆ. ಬೀಗದವನು ಅಂಗಡಿಯಲ್ಲಿ ಇರಲಿಲ್ಲ. ಅಂಗಡಿ ತೆರೆದಿತ್ತು, ಸ್ಟೂಲು ಖಾಲಿ. ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತಿದೆ. ಸುಡು ಬಿಸಿಲಿನ ಹೊತ್ತಲ್ಲಿ ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದಿದ್ದರು. ಬಾಗಿಲಿಗೆ ಒಳಗಿನಿಂದ ಚಿಲಕ. ಕಿವಿಗೊಟ್ಟೆ. ಒಳಗೆ ಗಡಸು ಗಂಟಲೊಂದು ನಿಧಾನವಾಗಿ ಕೇಳುತ್ತಿತ್ತು: "ನನ್ನ ಮುಖವನ್ನು ಯಾರಾದರೂ ನೋಡಿದಿರಾ? ಬಾಗಿಲು ತೆಗೆಯಿರಿ..."

ಒಂದು ಮಗುವಿನ ಉಸಿರೂ ಕೇಳುತ್ತಿರಲಿಲ್ಲ. ನಾನು ಎರಡೂ ಕೈಯಿಂದ ಬಾಗಿಲು ಬಡಿದೆ.

ಒಳಗೆ ಮೂರೂ ಮಕ್ಕಳು ಒಟ್ಟಿಗೆ ಚೀರಿಕೊಂಡವು. ಆ ಚೀರಾಟದಲ್ಲಿ ನನ್ನವಳ ದನಿ ಯಾವುದೆಂದು ನನಗೆ ಗೊತ್ತಾಯಿತು. ಇನ್ನೂ ಜೋರಾಗಿ ಬಡಿದೆ, ಅವು ಇನ್ನೂ ಜೋರಾಗಿ ಚೀರಿದವು. ಕೊನೆಗೆ ಚಿಲಕ ಸರಿಯಿತು. ಟಾರ್ಚಿನ ಬೆಳಕು ನೇರ ನನ್ನ ಕಣ್ಣಿಗೇ ಹೊಡೆಯಿತು.

"ಯಾರ್ರೀ ಅದು, ಶೋ ಮಧ್ಯದಲ್ಲಿ!"

ಆಕೆಯನ್ನು ಸರಿಸಿ ಒಳಗೆ ನುಗ್ಗಿದೆ. ಮಕ್ಕಳು ಕುರ್ಚಿಗಳಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ಪರದೆಗಳನ್ನು ಎಳೆದು ತೆಗೆದೆ; ಬೀಗದವನು ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ. ಅಡುಗೆಮನೆ ನೋಡಿದೆ, ಬಚ್ಚಲು ನೋಡಿದೆ, ಬಾಗಿಲ ಹಿಂದೆ ನೋಡಿದೆ. ಆ ಗಡಸು ಗಂಟಲಿನವನು ಎಲ್ಲೂ ಇರಲಿಲ್ಲ. ಟಾರ್ಚಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಮಂಚದ ಕೆಳಗೂ ನೋಡಿಬಿಡಮ್ಮ. ಈರುಳ್ಳಿ ಇದೆ, ತುಳೀಬೇಡ."

ಬಗ್ಗಿ ನೋಡಿದೆ. ಈರುಳ್ಳಿಯೇ ಇತ್ತು. ಆ ಗಂಟಲು ಆಕೆಯದೇ ಎಂದು ಆಗ ಹೊಳೆಯಿತು.

ಮಗಳನ್ನು ಎತ್ತಿಕೊಳ್ಳಹೋದರೆ ಅವಳು ಕೊಸರಿಕೊಂಡಳು. ಕೆನ್ನೆಯೆಲ್ಲ ಕಣ್ಣೀರು. "ಅಮ್ಮಾ, ನೀನು ಸಿನಿಮಾ ಹಾಳು ಮಾಡಿದೆ!"

ಮಕ್ಕಳಿಗೆ ಬಿಸ್ಕತ್ತು ಕೊಟ್ಟು ಒಳಗೆ ಕೂರಿಸಿ, ಟಾರ್ಚಜ್ಜಿ ನನ್ನನ್ನು ಆ ಕುರ್ಚಿಯೊಂದರಲ್ಲಿ ಕೂರಿಸಿದರು. ಆಗ ತಿಳಿದದ್ದು ಇಷ್ಟು.

ಹರೆಯದಲ್ಲಿ ಆಕೆಯ ಅಣ್ಣ ಚಿತ್ರಮಂದಿರವೊಂದರಲ್ಲಿ ಆಪರೇಟರ್ ಆಗಿದ್ದ. ಅಲ್ಲೇ ತಂಗಿಗೂ ಕೆಲಸ ಕೊಡಿಸಿದ. ಬಾಲ್ಕನಿಯ ಕತ್ತಲಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವುದು. ಚಿತ್ರಮಂದಿರ ಮುಚ್ಚುವವರೆಗೆ ಆಕೆ ಮಾಡಿದ್ದು ಅದೊಂದೇ ಕೆಲಸ. ತಡವಾಗಿ ಬಂದವರನ್ನು ಕೂರಿಸುವುದರಲ್ಲೇ ಪ್ರತಿ ಸಿನಿಮಾದ ಆರಂಭ ಕಳೆದುಹೋಗುತ್ತಿತ್ತು. "ಯಾವ ಸಿನಿಮಾ ಹೇಗೆ ಶುರುವಾಗುತ್ತೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ," ಎಂದರು. "ಪುಸ್ತಕ ಹಿಡಿದದ್ದೇ ಅದಕ್ಕೆ. ಅದರಲ್ಲಿ ಮೊದಲನೇ ಪುಟ ಯಾರಿಗೂ ಕಾಯಲ್ಲ, ನನಗೆ ಮಾತ್ರ ಕಾಯುತ್ತೆ."

ಹಾಗೆ ಹೇಳಿದವರ ಕೈಗೆ ಮೊದಲು ಸಿಕ್ಕಿದ್ದು ಎರಡನೇ ಸಂಪುಟ! ಯಾರೋ ಸೀಟಿನ ಕೆಳಗೆ ಬಿಟ್ಟುಹೋಗಿದ್ದರು. ಯಾರೂ ಕೇಳಿಕೊಂಡು ಬರಲಿಲ್ಲ. ಆಕಾಶದಲ್ಲಿ ಉಪ್ಪಿನ ಚಂದ್ರ ಇರುವ ಊರಿನ ಕಥೆ ಅದು. ಮಳೆ ಬಂದಾಗೆಲ್ಲ ಚಂದ್ರ ಕರಗಿ ಬಟ್ಟೆಗಳ ಮೇಲೆ ಬಿಳಿ ಕಲೆ ಬೀಳುತ್ತದೆ. ಆ ಕಲೆ ತೆಗೆಯಬಲ್ಲವಳು ಒಬ್ಬಳೇ ಮುದುಕಿ. ಉಳಿದ ಸಂಪುಟಗಳನ್ನು ಆಕೆ ಹಳೇ ಪುಸ್ತಕದ ಅಂಗಡಿಗಳಲ್ಲಿ ತಡಕಾಡಿ ಒಂದೊಂದಾಗಿ ಕೂಡಿಸಿದರು. ಆಮೇಲೆ ಅಂಥವೇ ಬೇರೆ ಕಥಾಮಾಲೆಗಳು ಬಂದವು. ನಕ್ಷತ್ರದಿಂದ ನಕ್ಷತ್ರಕ್ಕೆ ಹೊರಟ ಹಡಗಿನಲ್ಲಿ ಎಲ್ಲರೂ ನಿದ್ದೆ ಮಾಡುತ್ತಿದ್ದರೆ ಅಡುಗೆಯವನೊಬ್ಬನೇ ಎಚ್ಚರವಿರುವ ಮಾಲೆಯಂತೂ ಗೋಡೆಯ ಗೂಡಿನಲ್ಲಿ ಸಾಲಾಗಿ ನಿಂತಿತ್ತು.

"ಇದನ್ನ ಯಾಕೆ ಸಿನಿಮಾ ಮಾಡಲ್ಲ ಹೇಳು? ಒಂದು ಅಡುಗೆಮನೆ, ಒಬ್ಬ ಭಟ್ಟ. ಖರ್ಚೇ ಇಲ್ಲ!" ಎಂದು ನನ್ನ ಮೇಲೇ ರೇಗಿದರು. "ಕುದುರೆ, ಕತ್ತಿ, ಕೋಟೆ ಇರೋದನ್ನೇ ಹುಡುಕಿ ತೆಗೀತಾರೆ. ಒಂದು ಸಲ ನಾನು ಓದಿದ್ದೇ ಪರದೆ ಮೇಲೆ ಬಂತು. ರಾಜಕುಮಾರನಿಗೆ ದಾರಿ ಹೇಳೋ ದೋಣಿಯವಳನ್ನ ತೆಗೆದು ಹಾಕಿದ್ರು. ಅವಳಿಲ್ಲದೆ ಅವನು ನದಿ ಹೆಂಗೆ ದಾಟಿದ? ಯಾರೂ ಕೇಳಲಿಲ್ಲ. ನಾನು ಕತ್ತಲಲ್ಲಿ ನಿಂತು ಒಬ್ಬಳೇ ಬೈಕೊಂಡೆ. ಅವರು ಮಾಡದಿದ್ರೆ ಬೇಡ, ನಾನೇ ಮಾಡ್ತೀನಿ."

ಗೋಡೆ ಪರದೆಯಾಯಿತು, ಟಾರ್ಚು ಚಂದ್ರನಾಯಿತು, ಗಂಟಲು ಎಲ್ಲರದೂ ಆಯಿತು.

ಕೇಳಿಸಿಕೊಂಡೆ. ಆದರೆ ನನ್ನ ಪ್ರಶ್ನೆ ಹಾಗೇ ಉಳಿದಿತ್ತು. "ಅದೆಲ್ಲ ಸರಿ, ಅಮ್ಮಾ. ಹೇಳಬಾರದು ಅಂತ ಮಕ್ಕಳಿಗೆ ಯಾಕೆ ಹೇಳಿದ್ರಿ?"

"ಅಯ್ಯೋ, ಶೋ ಬಿಟ್ಟಾಗ ಮೆಟ್ಟಿಲಲ್ಲಿ ಇಳಿಯೋರು ಹತ್ತೋರಿಗೆ ಕ್ಲೈಮ್ಯಾಕ್ಸ್ ಒದರಿಬಿಡ್ತಿದ್ರು. ಅವರ ಬಾಯಿ ಮುಚ್ಚಿಸೋದೂ ನನ್ನ ಡ್ಯೂಟಿನೇ. ಅದೇ ಅಭ್ಯಾಸ."

"ನಾಳೆ ಇನ್ಯಾರೋ ಕೆಟ್ಟೋನು ಇವಳಿಗೆ ಇದೇ ಮಾತು ಹೇಳ್ತಾನೆ ಅಂದ್ಕೊಳ್ಳಿ. ಆಗಲೂ ಇವಳು ಹೀಗೇ ತುಟಿ ಬಿಗಿ ಹಿಡೀತಾಳೆ. ನಾನು ಹೀಗೇ ಸ್ನಾನ ಮಾಡಿಸ್ತಾ ಇರ್ತೀನಿ."

ಆಕೆ ಕೈಯಲ್ಲಿದ್ದ ಟಾರ್ಚನ್ನು ಆರಿಸಿ, ಹೊತ್ತಿಸಿ, ಮತ್ತೆ ಆರಿಸಿದರು. ಆಮೇಲೆ ಮಕ್ಕಳನ್ನು ಕರೆದರು.

"ಕೇಳ್ರೋ. ಇವತ್ತಿಂದ ಅಮ್ಮ ಅಪ್ಪಂದಿರಿಗೆಲ್ಲ ಫ್ರೀ ಪಾಸ್. ಅವರು ನೋಡದೇ ಇದ್ರೂ ನೋಡಿದ ಹಾಗೇ ಲೆಕ್ಕ. ಅವರಿಗೆ ಎಲ್ಲಾ ಹೇಳಬೇಕು."

"ಕ್ಲೈಮ್ಯಾಕ್ಸೂ?" ನನ್ನ ಮಗಳು ಹೌಹಾರಿದಳು.

"ಕ್ಲೈಮ್ಯಾಕ್ಸೂ," ಎಂದರು ಅಜ್ಜಿ, ಹಲ್ಲು ಕೀಳಿಸಿಕೊಂಡವರ ಮುಖದಲ್ಲಿ.

ಆ ಸಂಜೆ ಮಗಳು ಅಡುಗೆಕಟ್ಟೆಯ ಮೇಲೆ ಕೂತು ಇಡೀ ಸಿನಿಮಾ ಹೇಳಿದಳು. ಚಂದ್ರನ ಉಪ್ಪು ಮೆತ್ತಿ ಮುಖ ಮರೆಯಾದವನು ಮನೆಮನೆಯ ಬಾಗಿಲು ತಟ್ಟುತ್ತಾನೆ. ಒಗೆಯುವ ಮುದುಕಿ ಅವನಿಗೆ ಒಂದು ಒದ್ದೆ ಟವೆಲ್ ಕೊಟ್ಟು ಒರೆಸಿಕೋ ಎನ್ನುತ್ತಾಳೆ. ಉಪ್ಪು ಹೋಗಿ ಮುಖ ಕಾಣುತ್ತದೆ. ಅಷ್ಟಕ್ಕೇ ನಾನು ಒಪ್ಪಿದೆನೇ? ಅಜ್ಜಿಯಿಂದ ಒಂದನೇ ಸಂಪುಟ ಎರವಲು ತಂದು ವಾರಾಂತ್ಯವೆಲ್ಲ ಓದಿದೆ. ಅದರಲ್ಲಿ ಮುಖವಿಲ್ಲದವನಿಗೆ ಇದ್ದದ್ದು ಒಂದೇ ಸಾಲು. ಬಾಗಿಲು ತಟ್ಟುವುದು ಎಲ್ಲೂ ಇಲ್ಲ. ಪುಸ್ತಕ ಹಿಡಿದುಕೊಂಡೇ ಮತ್ತೆ ಹೋದೆ.

"ಪುಸ್ತಕದಲ್ಲಿ ಇಲ್ಲದ್ದನ್ನ ಯಾಕೆ ಸೇರಿಸಿದ್ರಿ?"

"ಪುಸ್ತಕದೋನು ಬರೆದದ್ದು ಓದೋಕೆ ಸಾಕು. ನೋಡೋಕೆ ಸಾಲದು. ನೋಡಬೇಕಂದ್ರೆ ಮುಖ ಇಲ್ಲದೋನು ಎಲ್ಲಾದರೂ ಹೋಗಬೇಕಲ್ಲಮ್ಮ, ಕೂತಲ್ಲೇ ಕೂತಿದ್ರೆ ಹೆಂಗೆ?"

"ಮಗು ಹೆದರ್ತಿದೆ."

"ಗೊತ್ತು. ಟಾರ್ಚು ಅವಳ ಕಾಲ ಹತ್ರಾನೇ ಹಿಡಿದಿರ್ತೀನಿ." ಪುಸ್ತಕ ಇಸಿದುಕೊಂಡು ಗೂಡಿಗೆ ಸೇರಿಸುತ್ತಾ, "ಮೊನ್ನೆ ಜಾಸ್ತಿ ಆಯ್ತು. ಇನ್ಮೇಲೆ ಎರಡೇ ಸಲ ತಟ್ಟಿಸ್ತೀನಿ," ಎಂದರು.

ನಾನು ಕೊನೆಯ ಮಾತು ಹೇಳಿದೆ: ಒಳಗಿನ ಚಿಲಕ ಇರಕೂಡದು. ಬೆಳಕು ಬರುತ್ತೆ, ಬೆಕ್ಕು ಬರುತ್ತೆ, ಶೋ ಕೆಡುತ್ತೆ ಎಂದು ಆಕೆ ಬಹಳ ವಾದಿಸಿದರು. ಹಾಗಾದರೆ ನಾನು ಕೆಲಸ ಬಿಡುತ್ತೇನೆ, ಮಗಳನ್ನು ಕಳಿಸುವುದಿಲ್ಲ ಎಂದೆ. ಅದು ಬರೀ ಬೆದರಿಕೆಯಲ್ಲ ಎಂಬುದು ಆಕೆಗೂ ಗೊತ್ತಾಗಿರಬೇಕು.

ಸೋಮವಾರ ಶಾಲೆಗೆ ರಜೆ; ಬೆಳಿಗ್ಗೆಯೇ ಮಗಳನ್ನು ಕರೆದುಕೊಂಡು ಹೋದಾಗ ಟಾರ್ಚಜ್ಜಿ ಸ್ಟೂಲಿನ ಮೇಲೆ ನಿಂತು ಸ್ಕ್ರೂಡ್ರೈವರಿನಿಂದ ಚಿಲಕ ಬಿಚ್ಚುತ್ತಿದ್ದರು. ಕೊನೆಯ ಸ್ಕ್ರೂ ಬಗ್ಗದಿದ್ದಕ್ಕೆ ಬೈಯುತ್ತಿದ್ದರು. ಚಿಲಕ ಕಳಚಿದ್ದೇ ನನ್ನ ಕೈಗೆ ಕೊಟ್ಟು, "ಈಗ ಸಮಾಧಾನವಾ?" ಎಂದರು.

"ಇಲ್ಲ."

"ಪರವಾಗಿಲ್ಲ, ಫೋನ್ ಮಾಡು. ಆದರೆ ಶೋ ಮಧ್ಯದಲ್ಲಿ ಬೇಡ, ಇಂಟರ್‌ವಲ್‌ನಲ್ಲಿ ಮಾಡು."

"ಇಂಟರ್‌ವಲ್ ಎಷ್ಟೊತ್ತಿಗೆ?"

"ಯಾರಿಗಾದ್ರೂ ಒಂದಕ್ಕೆ ಬಂದಾಗ."

ಮಗಳು ಹಿಂದೆ ತಿರುಗಿಯೂ ನೋಡದೆ ತನ್ನ ಕುರ್ಚಿಯತ್ತ ಓಡಿದಳು. ನಾನು ಕಚೇರಿಗೆ ಹೋದೆ. ಮಧ್ಯಾಹ್ನ ತಡೆಯಲಾಗದೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಆ ಕಡೆಯಿಂದ ಪಿಸುದನಿಯಲ್ಲಿ, "ಇನ್ನೂ ಯಾರಿಗೂ ಬಂದಿಲ್ಲಮ್ಮ," ಎಂದು ಇಟ್ಟುಬಿಟ್ಟರು.