ಎದೆಗೆ ಕಟ್ಟುವ ಹಳೆಯ ಸೀರೆ

ಜೋಳದ ಹಿಟ್ಟು ನಾದಿ ಮೊದಲ ರೊಟ್ಟಿ ತಟ್ಟುವಷ್ಟರಲ್ಲಿ ಲಾಲಮ್ಮನ ಫೋನು ಬಡಿದುಕೊಳ್ಳುತ್ತದೆ. "ಕೂಸಿನ ಕಾಲು ತಣ್ಣಗಾಗ್ಯಾವ, ಲಗೂ ಬರ್ರಿ." ಹಿಟ್ಟಿನ ಮೇಲೆ ಬುಟ್ಟಿ ಮುಚ್ಚಿ, ಗೂಟದಿಂದ ಹಳೆಯ ಸೀರೆಯ ತುಂಡೊಂದನ್ನು ಎಳೆದುಕೊಂಡು ಹೊರಡುತ್ತಾರೆ. ಭಾನುವಾರ, ಒಂಬತ್ತು ವರ್ಷದ ಮಗಳು ಪರಿಮಳಾ ಹಿಂದೆ ಓಡುತ್ತಾಳೆ.

ಲಾಲಮ್ಮ ಶಹಾಪುರ ತಾಲ್ಲೂಕಿನ ಸಗರದ ಆಶಾ ಕಾರ್ಯಕರ್ತೆ. ಫೋನು ಮಾಡಿದವನು ಆಟೋ ಓಡಿಸುವ ಇನಾಯತ. ತಿಂಗಳು ತುಂಬುವ ಮೊದಲೇ ಹುಟ್ಟಿದ ಅವನ ಕೂಸು, ಎರಡು ಕಿಲೋ ಇಲ್ಲದ್ದು, ನಿನ್ನೆಯಷ್ಟೇ ಯಾದಗಿರಿಯ ಆಸ್ಪತ್ರೆಯಿಂದ ಬಂದಿದೆ. ರಾತ್ರಿಯೆಲ್ಲ ಅದನ್ನು ಎದೆಗವಚಿಕೊಂಡಿದ್ದ ಹೆಂಡತಿ ಆಮೀನಾ ದಣಿದು ಮಲಗಿದ್ದಾಳೆ. ಇನಾಯತನ ತಾಯಿ ಮದೀನಾಬೀ ಕೂಸನ್ನು ಹೊರಸಿನ ಮೇಲೆ ಹಾಕಿ, ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟಿದ್ದಾರೆ. ಬಾಣಂತಿ ಮನೆಯ ಹಳೆಯ ಪದ್ಧತಿ.

ಲಾಲಮ್ಮ ಕೂಸಿನ ಉಸಿರು ನೋಡಿ, ಕೆಂಡವನ್ನು ಅಂಗಳಕ್ಕೆ ಸರಿಸುತ್ತಾರೆ.

"ಇನಾಯತ, ಅಂಗಿ ಬಿಚ್ಚೋ."

"ನಾನಾ?"

"ಮತ್ಯಾರು, ನಿನ್ನ ಆಟೋನಾ?"

ಬರಿಯ ಎದೆಗೆ ಬರಿಮೈಯ ಕೂಸು, ಮೇಲೆ ಸೀರೆಯ ಸುತ್ತು. "ಬೆಚ್ಚಗಾಗಲಿಲ್ಲಂದ್ರ ಹಿಂಗ ಕಟ್ಟಿಕೊಂಡ ಶಹಾಪುರದ ದವಾಖಾನಿಗೆ ಹೋಗೋದು, ತಡ ಮಾಡಂಗಿಲ್ಲ."

"ನನ್ನ ಮಗನ್ನ ಬಾಣಂತಿ ಮಾಡಿಬಿಟ್ಟಿ ನೋಡು," ಮದೀನಾಬೀ ಗೊಣಗುತ್ತಾರೆ.

"ಅವಗ ದಣಿವಾದ್ರ ನಿಮ್ಮ ಪಾಳಿ ಅದ, ಚಾಚಿ."

ಸಣ್ಣ ಕೂಸುಗಳನ್ನು ಅತಿ ಕಡಿಮೆ ಖರ್ಚಿನಲ್ಲಿ ಉಳಿಸಲು ಜಗತ್ತಿನೆಲ್ಲೆಡೆ ನೆಚ್ಚಿಕೊಂಡಿರುವ ದಾರಿಗಳಲ್ಲಿ ಇದೂ ಒಂದು. ಆಸ್ಪತ್ರೆಯ ಬಿಸಿಪೆಟ್ಟಿಗೆ ಊರೂರಿಗೆ ಬರಲಾರದು, ಎದೆ ಮನೆಮನೆಯಲ್ಲಿದೆ. "ಪುಕ್ಕಟ ಅದ ಅಂದ್ರ ಮಂದಿ ನಂಬಂಗಿಲ್ರಿ," ಎನ್ನುತ್ತಾರೆ ಲಾಲಮ್ಮ. "ಸೂಜಿ ಚುಚ್ಚಿದ್ರ ನಂಬತಾರ."

ಪರಿಮಳಾ ದೂರವಿದ್ದಾಗ ಅವರ ದನಿ ತಗ್ಗುತ್ತದೆ. ಲಾಲಮ್ಮನ ಚೊಚ್ಚಲ ಮಗಳೂ ಹೀಗೆಯೇ ಬೇಗ ಹುಟ್ಟಿದ್ದಳು. ಅವಳ ಹೊರಸಿನ ಕೆಳಗೂ ಕೆಂಡವಿತ್ತು. ಬೇರೆಯದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ವಾರ ತುಂಬುವ ಮೊದಲೇ ಹೋದಳು. "ಈಗ ಇದ್ದಿದ್ರ ಪರಿಮಳಾನ ಜಡಿ ಆಕಿನ ಹಾಕತಿದ್ಳು. ಯಾರ ಕೂಸು ಕಟ್ಟಿದ್ರೂ ಒಂದಿಷ್ಟು ಹೊತ್ತು ಆ ಭಾರ ನನ್ನ ಎದಿಮ್ಯಾಲೆ ಇದ್ದಂಗ ಅನಸ್ತದರಿ." ಬೇರೇನು ಆಸೆ ಎಂದು ಕೇಳಿದರೆ, "ಊರಾಗ ಯಾವ ಕೂಸೂ ಹೊರಸಿನ ಮ್ಯಾಲೆ ಒಂಟಿಯಾಗಿ ಮಲಗಬಾರದು. ಅಷ್ಟ."

ಬಿಸಿಲು ಹೊಸ್ತಿಲಿಗೆ ಬರುವ ಹೊತ್ತಿಗೆ ಕೂಸು ಮುಖ ಹಿಂಡಿ ಅಳುತ್ತದೆ. ಅಂಗಾಲು ಬೆಚ್ಚಗಿದೆ. ಎಚ್ಚರಗೊಂಡ ಆಮೀನಾ ಹಾಲೂಡಿಸಲು ಕೈಚಾಚುತ್ತಾಳೆ. ಪರಿಮಳಾ ಆ ಅಂಗಾಲನ್ನು ಒಂದು ಬೆರಳಿನಿಂದ ಮುಟ್ಟಿ ನೋಡುತ್ತಾಳೆ. ಹೀಗೆಯೇ ಸಣ್ಣದಾಗಿ ಹುಟ್ಟಿ ಉಳಿಯದೆ ಹೋದ ಅಕ್ಕ ತನಗೊಬ್ಬಳಿದ್ದಳೆಂದು ಅವಳಿಗೆ ಗೊತ್ತು, ಹೆಚ್ಚು ಕೇಳಿದವಳಲ್ಲ.

ಮನೆಗೆ ಮರಳಿದ ಲಾಲಮ್ಮ ಒಣಗಿದ ಹಿಟ್ಟಿಗೆ ನೀರು ಚಿಮುಕಿಸಿ ಮತ್ತೆ ನಾದುತ್ತಾರೆ. ಮಗಳು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂಡುತ್ತಾಳೆ.

"ಅವ್ವಾ, ಅಕ್ಕನ್ನ ನೀ ಯಾಕ ಎದಿಗೆ ಕಟ್ಟಿಕೊಳ್ಳಲಿಲ್ಲ?"