ಹತ್ತನೆಯ ಹಾಜರಿ

ಮೊನ್ನೆ ನನ್ನ ಹೆಂಡತಿ ಕೊಬ್ಬರಿ ಡಬ್ಬದ ಮುಚ್ಚಳ ತೆಗೆದಳು. ಅದರ ವಾಸನೆ ಹಜಾರದವರೆಗೂ ಬಂತು. ನಿಮಗಾದರೆ ಒಬ್ಬಟ್ಟೋ ಚಟ್ನಿಪುಡಿಯೋ ನೆನಪಾಗುತ್ತಿತ್ತು. ನನಗೆ ನೆನಪಾಗುವುದು ಕಾಲೇಜು. ನಗಬೇಡಿ. ನಾನು ಪಾಠ ಹೇಳಿದ ಮೊದಲ ಕಾಲೇಜು ನಡೆಯುತ್ತಿದ್ದದ್ದೇ ಅರಸೀಕೆರೆಯ ಒಂದು ಹಳೇ ಕೊಬ್ಬರಿ ಗೋದಾಮಿನಲ್ಲಿ.

ಎಪ್ಪತ್ತರ ದಶಕದ ಕೊನೆಯ ಮಾತು. ಸರ್ಕಾರ ಕಾಲೇಜನ್ನು ಮಂಜೂರು ಮಾಡಿತ್ತು, ಕಟ್ಟಡವನ್ನು ಮಂಜೂರು ಮಾಡಲು ಮರೆತಿತ್ತು. ಗೋದಾಮಿನ ಕಿಟಕಿಗಳು ಎರಡಾಳು ಎತ್ತರದಲ್ಲಿದ್ದವು. ಹಾಗಾಗಿ ಮಟಮಟ ಮಧ್ಯಾಹ್ನದಲ್ಲೂ ಹಿಂದಿನ ಬೆಂಚುಗಳ ಮೇಲೆ ಮಬ್ಬು. ಹಲಗೆಯ ತಡಿಕೆಯಿಂದಾಚೆ ಪ್ರಿನ್ಸಿಪಾಲರ ಕೋಣೆ. ಇಲ್ಲಿ ಸೀನಿದರೆ ಅಲ್ಲಿ ಕೇಳುತ್ತಿತ್ತು. ನಾನು ಇತಿಹಾಸದ ತಾತ್ಕಾಲಿಕ ಉಪನ್ಯಾಸಕ. ವಯಸ್ಸು ಇಪ್ಪತ್ನಾಲ್ಕು, ಪ್ಯಾಂಟು ಎರಡು, ಗತ್ತು ಮಾತ್ರ ಹೊಯ್ಸಳ ದೊರೆಯದು.

ಆ ವರ್ಷ ಇಲಾಖೆಯಿಂದ ಸುತ್ತೋಲೆ ಬಂತು. ಯಾವ ಐಚ್ಛಿಕ ವಿಷಯಕ್ಕೆ ಹತ್ತು ಮಂದಿ ವಿದ್ಯಾರ್ಥಿಗಳಿಲ್ಲವೋ ಅದನ್ನು ಮುಚ್ಚತಕ್ಕದ್ದು. ನನ್ನ ತರಗತಿಯಲ್ಲಿ ಒಂಬತ್ತು ಮಂದಿ. ಅವರಲ್ಲಿ ಆರು ಜನ ಬಾಣಾವರ, ಜಾವಗಲ್ಲಿನ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯರು. ಇಲ್ಲಿ ಮುಚ್ಚಿದರೆ ಹಾಸನಕ್ಕೆ ಕಳಿಸುವ ಮನೆಗಳಲ್ಲ ಅವು. ಓದಿದ್ದು ಸಾಕು ಎಂದು ಗಂಡು ನೋಡುತ್ತಿದ್ದರು, ಅಷ್ಟೇ. ನನ್ನ ಕೆಲಸವೂ ಹೋಗುತ್ತಿತ್ತು. ಅದನ್ನು ಎರಡನೆಯದಾಗಿ ಹೇಳುತ್ತಿದ್ದೇನೆ. ಆಗ ಮೊದಲು ಹೊಳೆದದ್ದು ಅದೇ.

ದಾರಿ ತೋರಿಸಿದವರು ಗುಮಾಸ್ತ ರಂಗಪ್ಪನವರು. "ಮೇಷ್ಟ್ರೇ, ಒಂದು ಅರ್ಜಿ ಐತೆ. ಮಾದಿಹಳ್ಳಿ ಹುಡುಗಿ, ಕಮಲಾಕ್ಷಿ ಅಂತ. ಸೀಟು ಕೊಟ್ಟಿದ್ವಿ, ಬರ್ಲೇ ಇಲ್ಲ. ಫೀಸು ವಿನಾಯಿತಿ ಕೇಳಿದ್ಲು, ಮೇಲಿಂದ ಆರ್ಡರು ಬಂದಿರ್ಲಿಲ್ಲ. ಹೆಸರು ಬರ್ಕೊಳ್ಳಿ. ಇವತ್ತಲ್ಲ ನಾಳೆ ಬತ್ತಾಳೆ."

ಬರೆದುಕೊಂಡೆ, ಹತ್ತನೆಯ ಹೆಸರು. ಆದರೆ ಹೆಸರು ಕೂಗಿದರೆ ತಡಿಕೆಯಾಚೆಗೆ ಉತ್ತರ ಕೇಳಿಸಬೇಕಲ್ಲ? ಲೋಕದಲ್ಲೆಲ್ಲ ಹುಡುಗರು ಮೇಷ್ಟ್ರ ಕಣ್ಣುತಪ್ಪಿಸಿ ಪ್ರಾಕ್ಸಿ ಹಾಕುತ್ತಾರೆ. ನಮ್ಮಲ್ಲಿ ಮೇಷ್ಟ್ರೇ ಕೈಮುಗಿದು ಹಾಕಿಸಿದ. ಹುಡುಗಿಯರು ಸರದಿ ಮಾಡಿಕೊಂಡರು. "ಕಮಲಾಕ್ಷಿ" ಎಂದರೆ ಒಬ್ಬಳು "ಎಸ್ ಸಾರ್" ಎನ್ನುತ್ತಿದ್ದಳು, ಉಳಿದವರು ಸೆರಗಿನಲ್ಲಿ ನಗುತ್ತಿದ್ದರು. ಒಂದು ತಿಂಗಳು ಸುಸೂತ್ರವಾಗಿ ನಡೆಯಿತು.

ಒಂದು ದಿನ ಪಾಠ ಮುಗಿದ ಮೇಲೆ ಸಾವಿತ್ರಿ ಎಂಬ ಹುಡುಗಿ ನನ್ನ ಮೇಜಿನ ಹತ್ತಿರ ನಿಂತಳು. ಸರದಿಯ ಪಟ್ಟಿ ಇಟ್ಟುಕೊಂಡಿದ್ದವಳು ಅವಳೇ.

"ಸಾರ್, ಇವತ್ತು ನನ್ನ ಸರದಿ. ನಾನು ಮರ್ತೇಬಿಟ್ಟಿದ್ದೆ."

"ಮತ್ತೆ ಎಸ್ ಸಾರ್ ಅಂದದ್ದು ಯಾರಮ್ಮ?"

"ಅದನ್ನೇ ಕೇಳ್ತಿದೀನಿ ಸಾರ್. ಯಾರೂ ಅಂದಿಲ್ವಂತೆ. ನಿನ್ನೆ ಕೂಡ ಅಂದಿಲ್ವಂತೆ."

ನಕ್ಕು ಕಳಿಸಿದೆ. ಆದರೆ ಮಾರನೆಯ ದಿನ ಹೆಸರು ಕೂಗುವಾಗ ಪುಸ್ತಕದಿಂದ ತಲೆ ಎತ್ತಿ ನೋಡುವ ಧೈರ್ಯವಾಗಲಿಲ್ಲ. ಉತ್ತರವೇನೋ ಬಂತು. ಮಬ್ಬಿನ ಕಡೆಯಿಂದಲೇ ಬಂತು. ಸೆರಗಿನ ನಗೆ ಮಾತ್ರ ಇರಲಿಲ್ಲ.

ಅಷ್ಟರಲ್ಲಿ ತಪಾಸಣಾಧಿಕಾರಿಗಳು ಬಂದು ತಲೆ ಎಣಿಸುತ್ತಾರೆಂದು ಕಾಗದ ಬಂತು. ಧ್ವನಿಯನ್ನು ಹೇಗೋ ಒದಗಿಸಬಹುದು, ತಲೆಯನ್ನೆಲ್ಲಿಂದ ತರೋಣ? ಆ ಹುಡುಗಿಯನ್ನೇ ಒಲಿಸಿ ಕರೆತರುತ್ತೇನೆಂದು ಹಳೇಬೀಡಿನ ಮೇಲೆ ಹೋಗುವ ಬಸ್ಸು ಹಿಡಿದು ಮಾದಿಹಳ್ಳಿಗೆ ಹೋದೆ.

ಅವಳ ತಾಯಿ ಕೊಟ್ಟಿಗೆಯ ಮುಂದೆ ಕರು ಕಟ್ಟುತ್ತಿದ್ದಳು. ಕಾಲೇಜಿನವನು ಎಂದ ಕೂಡಲೇ ಜಗುಲಿಗೆ ಚಾಪೆ ಹಾಸಿದಳು. "ಕುಂತ್ಕಳಿ ಮೇಷ್ಟ್ರೇ. ನಮ್ಮುಡ್ಗಿ ಇಲ್ಲ. ನಿಮ್ ಕಾಲೇಜು ಸುರುವಾಗೋ ಮುಂಚೇಲೇ ಜ್ವರ ಬಂದು ಓಗ್ಬುಟ್ಲು. ಎಂಟು ದಿನ ಕಾದ ಹೆಂಚಿನಂಗೆ ಸುಡ್ತಿತ್ತು ಮೈ. ಆಗ್ಲೂವೆ, ಕಾಗ್ದ ಬಂತಾ, ಕಾಗ್ದ ಬಂತಾ ಅಂತ್ಲೇ ಕೇಳೋಳು." ಒಳಗೆ ಹೋಗಿ, ಒಡೆಯದ ಒಂದು ಸರ್ಕಾರಿ ಲಕೋಟೆ ತಂದು ನನ್ನ ಕೈಗಿಟ್ಟಳು. "ತಿಥಿ ಆದ್ಮೇಲೆ ಬಂತು. ನಂಗೆ ಓದಕ್ಕೆ ಬರಾಕಿಲ್ಲ. ಏನ್ ಬರ್ದವ್ರೆ ನೋಡಿ."

ಒಡೆದು ಓದಿದೆ. ಕುಮಾರಿ ಕಮಲಾಕ್ಷಿಗೆ ಮೂರು ವರ್ಷವೂ ಶುಲ್ಕ ವಿನಾಯಿತಿ ನೀಡಲಾಗಿದೆ. ಅದನ್ನೇ ಆಕೆಗೆ ಬಿಡಿಸಿ ಹೇಳಿದೆ.

"ಅಂಗಾರೆ ಸೇರ್ಕಂಡಂಗೇ ಅನ್ನಿ."

ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಹೌದಮ್ಮ. ದಿನಾ ಹೆಸರು ಕೂಗ್ತೀನಿ" ಎಂದೆ.

ಆ ತಾಯಿ ನನ್ನನ್ನೇ ನೋಡಿದಳು. "ಓ ಅಂತಾಳಾ?"

"ಅಂತಾಳೆ."

ತಪಾಸಣೆಯ ದಿನ, ಕೆಲಸ ಹೋಗುವುದೇ ಸೈ ಎಂದು ಮನಸ್ಸು ಗಟ್ಟಿಮಾಡಿಕೊಂಡೇ ಹಾಜರಿ ಕೂಗಿದೆ. ಒಂಬತ್ತಾಯಿತು. "ಕಮಲಾಕ್ಷಿ." ಕೊನೆಯ ಬೆಂಚಿನಿಂದ, ಬಾಯಿ ಒಣಗಿದವರ ಹಾಗೆ, "ಎಸ್ ಸಾರ್." ಅಧಿಕಾರಿ ಪೆನ್ನಿನ ತುದಿಯಿಂದ ಒಂದೊಂದೇ ತಲೆ ಎಣಿಸಿದರು. ನಾನೂ ಎಣಿಸಿದೆ. ನನ್ನ ಲೆಕ್ಕಕ್ಕೆ ಒಂಬತ್ತೇ. ಅವರು "ಹತ್ತು, ಸರಿಯಾಗಿದೆ" ಎಂದು ರುಜು ಹಾಕಿದರು. ಜೀಪು ಹತ್ತುವಾಗ ನನ್ನನ್ನು ಹತ್ತಿರ ಕರೆದರು.

"ಕೊನೇ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳಲ್ಲ, ಆ ಹುಡುಗಿಗೆ ವಿಪರೀತ ಜ್ವರ ಇದ್ದ ಹಾಗಿದೆ ಕಣ್ರೀ. ಮನೆಗೆ ಕಳಿಸಿ."

ತರಗತಿ ಉಳಿಯಿತು. ಆ ಆರು ಹುಡುಗಿಯರೂ ಪದವಿ ಮುಗಿಸಿದರು. ಸಾವಿತ್ರಿ ಮುಂದೆ ಮೇಷ್ಟ್ರಾದಳು. ಮರುವರ್ಷ ಇತಿಹಾಸಕ್ಕೆ ಜನ ನುಗ್ಗಿದರು. ಸುತ್ತೋಲೆಯ ಭಯ ತೀರಿತು. "ಇನ್ಯಾಕೆ ಮೇಷ್ಟ್ರೇ ಆ ಹೆಸರು, ಹೊಡೆದ್ಹಾಕಿ" ಎಂದರು ರಂಗಪ್ಪನವರು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ. ಹಗುರವಾಯಿತು ಅಂತಲೇ ಅನ್ನಿಸಿತು, ನಿಜ ಹೇಳುತ್ತೇನೆ. ಮಾರನೆಯ ದಿನದಿಂದ ಹಿಂದಿನ ಬೆಂಚು ಬರೀ ಬೆಂಚಾಯಿತು.

ನಾನು ಮಾದಿಹಳ್ಳಿಗೆ ಹೋಗಿಬಂದ ಎರಡು ವರ್ಷಕ್ಕೆ, ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಆ ತಾಯಿ ಸಿಕ್ಕಳು. ಮಾಲೇಕಲ್ಲಿನ ದೇವರಿಗೆ ಮುಡಿಪು ಒಪ್ಪಿಸಲು ಹೊರಟಿದ್ದಳು. ಮಗಳು ಈಗ ಯಾವ ಕ್ಲಾಸು ಎಂದು ಕೇಳಿದಳು. ಕೊನೇ ವರ್ಷ ಎಂದೆ.

"ಈಗ್ಲೂ ಓ ಅಂತಾಳಾ?"

"ಅಂತಾಳಮ್ಮ" ಎಂದೆ. ಹೋದ ಸಲ ಅದೇ ಮಾತು ಆಡುವಾಗ ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಈ ಸಲ ಹೇಳಿದ್ದೇ ಸುಳ್ಳು. ಆಕೆ ನೆಮ್ಮದಿಯಾಗಿ ಬಸ್ಸು ಹತ್ತಿದಳು.

ಇಷ್ಟು ವರ್ಷ ನಾನು ಇದನ್ನು ದೆವ್ವದ ಕಥೆಯೆಂದು ಹೇಳಿ ನೆಂಟರಿಷ್ಟರನ್ನು ಹೆದರಿಸುತ್ತಾ ಬಂದಿದ್ದೇನೆ. ಮೊನ್ನೆ ಮಾತ್ರ ಹೆದರಿಕೆಯಾಗಲಿಲ್ಲ, ನಾಚಿಕೆಯಾಯಿತು. ಕೂತಲ್ಲಿಂದಲೇ, ಕ್ಲಾಸಿನಲ್ಲಿ ಕೂಗುವ ಹಾಗೆ, "ಕಮಲಾಕ್ಷಿ" ಎಂದು ಕೂಗಿ ಕಾದೆ.

"ಯಾರನ್ನ ಕರೆದ್ರಿ?" ಹೆಂಡತಿ ಒಳಗಿನಿಂದ ಕೇಳಿದಳು.

"ನನ್ನ ವಿದ್ಯಾರ್ಥಿನಿ."

"ಬಂದಿದ್ದಾಳಾ?"

"ಇಲ್ಲ ಕಣೇ. ಹೆಸರು ಹೊಡೆದು ಹಾಕಿದವನು ನಾನೇ."