ಎಲುನೆಡ್ ಬಾರಿಸುವ ಗಂಟೆ

ವೇಲ್ಸಿನ ನಮ್ಮೂರಿನ ಕೋಟೆಯನ್ನು ಏಳುನೂರು ವರ್ಷದ ಹಿಂದೆ ಇಂಗ್ಲಿಷ್ ರಾಜನೊಬ್ಬ ಕಟ್ಟಿಸಿದ್ದೇ ನಮ್ಮನ್ನು ಹದ್ದುಬಸ್ತಿನಲ್ಲಿಡಲು. ಸಂಜೆಯ ಗಂಟೆಯಾದ ಮೇಲೆ ವೇಲ್ಸಿನವರು ಯಾರೂ ಊರಗೋಡೆಯ ಒಳಗಿರಕೂಡದೆಂದು ಅವನ ಅಪ್ಪಣೆಯಿತ್ತಂತೆ. ಈಗ ಆ ಕೋಟೆಯ ಬೀಗದ ಕೈ ನಮ್ಮ ಪಕ್ಕದ ಮನೆಯ ಎಲುನೆಡ್ ಪ್ಯೂ ಎಂಬವಳ ಸೊಂಟದಲ್ಲಿದೆ. ಮೂವತ್ತೊಂದು ವರ್ಷದಿಂದ ಟಿಕೆಟ್ ಹರಿಯುವವಳೂ ಅವಳೇ, ಸಂಜೆ ಐದಕ್ಕೆ ಹಿತ್ತಾಳೆ ಗಂಟೆ ಬಾರಿಸಿ ಪ್ರವಾಸಿಗಳನ್ನು ಹೊರಗಟ್ಟುವವಳೂ ಅವಳೇ. ಇಂಗ್ಲಿಷರು ಗುಂಪಾಗಿ ಬಂದ ದಿನ ಆ ಗಂಟೆ ಐದು ನಿಮಿಷ ಮೊದಲೇ ಮೊಳಗುತ್ತದೆ.

“ಹೊರಡ್ರಿ, ಹೊರಡ್ರಿ! ಆಗ ನೀವು ನಮ್ಮನ್ನ ಓಡಿಸಿದ್ರಿ, ಈಗ ನನ್ ಸರದಿ!”

ತಮಾಷೆಯೆಂದುಕೊಂಡು ಅವರು ನಗುತ್ತಾರೆ. ಅವಳು ನಗುವುದಿಲ್ಲ.

ಮೊನ್ನೆ ಕೊನೆಗೆ ಹೊರಬಂದ ಲಂಡನ್ನಿನ ಹೆಂಗಸೊಬ್ಬಳು ಅಕ್ಕರೆಯಿಂದ ಕೇಳಿದಳು: “ನಾವು ಊರಗೋಡೆ ಒಳಗೇ ರಜೆ ಕಳೆಯೋಕೆ ಒಂದು ಮನೆ ತಗೊಂಡಿದೀವಿ. ನಿಮ್ಮನೆನೂ ಒಳಗೇನಾ?”

“ಎಲ್ಲೀದಮ್ಮಾ! ಒಳಗಿನ ಮನೆಗಳನ್ನೆಲ್ಲ ನಿಮ್ಮೋರೇ ಕೊಂಡ್ಕೊಂಡ್ರಲ್ಲ. ನಂದು ಆಚೆ, ಬಸ್ ಡಿಪೋ ಹಿಂದೆ.”

ಎಲುನೆಡ್ ಕೋಟೆಗೆ ಬೀಗ ಜಡಿದು, ಗೆದ್ದವಳ ಗತ್ತಿನಲ್ಲಿ ಊರಬಾಗಿಲು ದಾಟಿ ಮನೆಗೆ ಬಂದಳು. ಹೊತ್ತು ಮುಳುಗುವಾಗ, ರಾಜ ಅಪ್ಪಣೆ ಕೊಟ್ಟಿದ್ದಂತೆಯೇ, ಗೋಡೆಯೊಳಗೆ ವೇಲ್ಸಿನ ಒಂದು ನರಪಿಳ್ಳೆಯೂ ಇರಲಿಲ್ಲ.